ಲಾಗಿನ್ ಆದಮೇಲೆ ಕಪ್ಪು ಪರದೆ: ವಿಂಡೋಸ್‌ನ ರಿಪೇರಿ ಸಲಕರಣೆಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು

ಪಾಸ್‌ವರ್ಡ್ ಹೊಡೆದದ್ದಾಯಿತು, ‘ವೆಲ್‌ಕಮ್’ ಅಂತ ಚುಕ್ಕಿಗಳು ಸುತ್ತಿದ್ದೂ ಆಯಿತು, ಆಮೇಲೆ ಡೆಸ್ಕ್‌ಟಾಪ್ ಬರಬೇಕಾದ ಕಡೆ ಬರೀ ಕತ್ತಲೆ. ಕೆಲವು ಸಲ ಆ ಕತ್ತಲೆಯಲ್ಲಿ ಮೌಸ್‌ನ ಬಿಳಿ ಬಾಣ ಮಾತ್ರ ಓಡಾಡುತ್ತಿರುತ್ತದೆ, ಕೆಲವು ಸಲ ಅದೂ ಇರುವುದಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಈ ಕಾಯಿಲೆಗೆಂದೇ ಅರೆದಿಟ್ಟ ಮದ್ದಿಲ್ಲ. ರಿಪೇರಿ ಸಲಕರಣೆಗಳೇನೋ ಹತ್ತಾರಿವೆ. ಅವುಗಳಲ್ಲಿ ಯಾವುದು ಇದಕ್ಕೆ ನಾಟುತ್ತದೆ, ಯಾವುದು ಸುಮ್ಮನೆ ಹೊತ್ತು ತಿನ್ನುತ್ತದೆ ಎಂದು ಇಲ್ಲಿ ಒರೆಗೆ ಹಚ್ಚಿದೆ. ವಿಂಡೋಸ್ ಜೊತೆಗೇ ಬರುವ ಟಾಸ್ಕ್ ಮ್ಯಾನೇಜರ್, ಸೇಫ್ ಮೋಡ್, ಸ್ಟಾರ್ಟಪ್ ರಿಪೇರ್, ಸಿಸ್ಟಮ್ ರಿಸ್ಟೋರ್, ರಿಸೆಟ್ ಒಂದು ಕಡೆ. ಹೊರಗಿನಿಂದ ಇಳಿಸಿಕೊಳ್ಳುವ ಆಟೋರನ್ಸ್, ಶೆಲ್‌ಎಕ್ಸ್‌ವ್ಯೂ, ಡಿಡಿಯು ಇನ್ನೊಂದು ಕಡೆ.

ಸಲಕರಣೆಗೆ ಕೈಹಾಕುವ ಮೊದಲು ಒಂದು ಲೆಕ್ಕ ಗಟ್ಟಿಯಾಗಬೇಕು. ಲಾಗಿನ್ ಪರದೆ ಕಣ್ಣಿಗೆ ಕಂಡಿತು ಎಂದರೆ ಬೂಟ್ ಆಗುವ ಕೆಲಸ ಮುಗಿದಿದೆ. ಡಿಸ್ಕ್ ಓದುತ್ತಿದೆ, ರ‍್ಯಾಮ್ ಕೂತಿದೆ, ಕೇಬಲ್ ಸರಿಯಿದೆ, ಮಾನಿಟರ್ ಜೀವಂತವಾಗಿದೆ. ಗ್ರಾಫಿಕ್ಸ್ ಡ್ರೈವರ್ ಕೂಡ ಆ ಹೊತ್ತಿಗಾಗಲೇ ಲೋಡ್ ಆಗಿರುತ್ತದೆ. ಆದ್ದರಿಂದ ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ಮತ್ತೆ ಹಾಕುವ ಸಲಹೆ ಈ ರೋಗಕ್ಕೆ ಸಂಬಂಧವೇ ಇಲ್ಲದ ಔಷಧಿ. ‘ಫಾರ್ಮ್ಯಾಟ್ ಹೊಡೆದುಬಿಡಿ’ ಎನ್ನುವುದು ಅದಕ್ಕಿಂತ ಸೋಮಾರಿ ಸಲಹೆ. ಕೆಡುವುದು ಪಾಸ್‌ವರ್ಡ್ ಒಪ್ಪಿಗೆಯಾದ ಮೇಲಿನ ಕೆಲವೇ ಸೆಕೆಂಡುಗಳಲ್ಲಿ. ಆ ಸೆಕೆಂಡುಗಳಲ್ಲಿ ನಡೆಯುವುದಿಷ್ಟು: ವಿನ್‌ಲಾಗಾನ್ ಎಂಬ ಪ್ರೋಗ್ರಾಮ್ ಯೂಸರ್‌ಇನಿಟ್ ಅನ್ನು ಎಬ್ಬಿಸುತ್ತದೆ, ಯೂಸರ್‌ಇನಿಟ್ ನಿಮ್ಮ ಖಾತೆಗೆ ಬೇಕಾದ ಸಿದ್ಧತೆ ಮಾಡಿ ಎಕ್ಸ್‌ಪ್ಲೋರರ್ ಅನ್ನು ಎಬ್ಬಿಸುತ್ತದೆ, ಎಕ್ಸ್‌ಪ್ಲೋರರ್ ಬಂದು ಟಾಸ್ಕ್‌ಬಾರ್, ಐಕಾನ್, ವಾಲ್‌ಪೇಪರ್ ಹರಡುತ್ತದೆ. ಇದರ ಜೊತೆಜೊತೆಗೆ ನಿಮ್ಮ ಖಾತೆಯ ಡಿಸ್‌ಪ್ಲೇ ಸೆಟ್ಟಿಂಗ್, ಸ್ಟಾರ್ಟಪ್ ಪ್ರೋಗ್ರಾಮ್‌ಗಳು, ಗ್ರಾಫಿಕ್ಸ್ ಕಾರ್ಡಿನ ಜೊತೆ ಬಂದ ಯುಟಿಲಿಟಿಗಳು ಒಟ್ಟಿಗೇ ನುಗ್ಗುತ್ತವೆ. ಈ ಸರಪಳಿಯ ಯಾವ ಕೊಂಡಿ ಕಳಚಿದೆ ಎಂದು ಹುಡುಕುವುದೇ ರಿಪೇರಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುವುದು ಒಳ್ಳೆಯದು. ಎಲ್ಲರಿಗೂ ಗೊತ್ತಿರುವ ಆ ನೀಲಿ ಕ್ರ್ಯಾಶ್ ಪರದೆ 2025ರಿಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಕಪ್ಪು ಬಣ್ಣಕ್ಕೆ ತಿರುಗಿದೆ. ಕಪ್ಪಿನ ಮೇಲೆ ಬಿಳಿ ಅಕ್ಷರ, ಸ್ಟಾಪ್ ಕೋಡ್, ಶೇಕಡಾವಾರು ಎಣಿಕೆ ಕಂಡರೆ ಅದು ಬೇರೆ ಜಾತಿಯ ತೊಂದರೆ. ಇಲ್ಲಿ ಹೇಳುತ್ತಿರುವುದು ಅಕ್ಷರವೇ ಇಲ್ಲದ ಖಾಲಿ ಕಪ್ಪಿನ ಬಗ್ಗೆ.

ಒಂದು ನಿಮಿಷದ ನಾಡಿ ಪರೀಕ್ಷೆ

ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಹೆಪ್ಪುಗಟ್ಟಿಲ್ಲ. ಆಮೇಲೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಲಾಕ್, ಸೈನ್ ಔಟ್, ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿ ಬಂದರೆ ಅರ್ಧ ಗೆದ್ದಂತೆ: ಪರದೆಗೆ ಚಿತ್ರ ಬರುವ ದಾರಿ ಸರಿಯಿದೆ, ಡೆಸ್ಕ್‌ಟಾಪ್ ಹರಡುವವನೇ ನಾಪತ್ತೆ. ಪಟ್ಟಿಯೂ ಬರದೆ, ಬಾಣವೂ ಕಾಣದೆ, ಕ್ಯಾಪ್ಸ್ ಲಾಕ್ ದೀಪ ಮಾತ್ರ ಸ್ಪಂದಿಸುತ್ತಿದ್ದರೆ ಅನುಮಾನ ಡಿಸ್‌ಪ್ಲೇ ಕಡೆಗೆ ವಾಲುತ್ತದೆ.

ಆಗ ಮೊದಲು ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಸೇರಿಸಿ ಒತ್ತಬೇಕು. ಗ್ರಾಫಿಕ್ಸ್ ಡ್ರೈವರ್ ಅನ್ನು ಅಲ್ಲೇ ಮರುಚಾಲನೆ ಮಾಡುವ ಕೀ ಜೋಡಣೆ ಇದು. ‘ಬೀಪ್’ ಎಂದು ಸಣ್ಣ ಸದ್ದಾಗಿ ಪರದೆ ಒಮ್ಮೆ ಮಿನುಗುತ್ತದೆ. ತೆರೆದಿರುವ ಕೆಲಸ ಯಾವುದೂ ಮುಚ್ಚುವುದಿಲ್ಲ, ಆದ್ದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಬೀಪ್ ಕೇಳಿಸಿಯೂ ಕತ್ತಲೆ ಹಾಗೇ ಇದ್ದರೆ ಮುಂದಿನದು ವಿಂಡೋಸ್ ಮತ್ತು ಪಿ. ಹಿಂದೊಮ್ಮೆ ಪ್ರೊಜೆಕ್ಟರ್ ಅಥವಾ ಟಿವಿ ಸಿಕ್ಕಿಸಿ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿದ್ದರೆ, ಆ ನೆನಪು ನಿಮ್ಮ ಖಾತೆಯ ಜೊತೆ ಉಳಿದು ಡೆಸ್ಕ್‌ಟಾಪ್ ಇಲ್ಲದ ಪರದೆಯ ಮೇಲೆ ಹೋಗಿ ಕೂತಿರಬಹುದು. ಏನೂ ಕಾಣದಿದ್ದರೂ ಕೀಲಿಗಳು ಕೆಲಸ ಮಾಡುತ್ತವೆ: ವಿಂಡೋಸ್ ಮತ್ತು ಪಿ ಒತ್ತಿ, ಕೆಳಬಾಣ ಒಂದು ಸಲ, ಎಂಟರ್, ಐದು ಸೆಕೆಂಡ್ ತಾಳಿ. ಪಟ್ಟಿಯಲ್ಲಿರುವುದೇ ನಾಲ್ಕು ಆಯ್ಕೆ. ನಾಲ್ಕು ಸುತ್ತು ಮುಗಿಯುವುದರೊಳಗೆ ಬರದಿದ್ದರೆ ತೊಂದರೆ ಅಲ್ಲಿಲ್ಲ. ಲ್ಯಾಪ್‌ಟಾಪ್ ಆಗಿದ್ದರೆ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚ್ ಅನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಐಕಾನ್‌ಗಳು ಕಂಡರೆ ವಿಂಡೋಸ್‌ನಲ್ಲಿ ದೋಷವಿಲ್ಲ, ಹಿಂಬದಿಯ ಬೆಳಕು ಆರಿದೆ.

ಟಾಸ್ಕ್ ಮ್ಯಾನೇಜರ್: ಈ ಸಾಲಿನ ನಾಯಕ

ಈ ರೋಗಕ್ಕೆ ಒಂದೇ ಸಲಕರಣೆ ಆರಿಸಿಕೊಳ್ಳಿ ಎಂದರೆ ಇದನ್ನೇ ಆರಿಸಬೇಕು. ಯಾವ ಮೆನುವಿನ ಹಂಗೂ ಇಲ್ಲದೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದರೆ ಎದುರಿಗೆ ಬರುತ್ತದೆ, ಎಕ್ಸ್‌ಪ್ಲೋರರ್ ಸತ್ತಿದ್ದರೂ ಬದುಕಿರುತ್ತದೆ, ಅಲ್ಲಿಂದಲೇ ಬೇರೆ ಯಾವ ಪ್ರೋಗ್ರಾಮ್ ಬೇಕಾದರೂ ಎಬ್ಬಿಸಬಹುದು. ವಿಂಡೋಸ್ 10ರಲ್ಲಿ ‘ಫೈಲ್’ ಮೆನುವಿನೊಳಗೆ ‘ರನ್ ನ್ಯೂ ಟಾಸ್ಕ್’ ಇದೆ. ವಿಂಡೋಸ್ 11ರಲ್ಲಿ ಅದು ಮೇಲ್ಭಾಗದ ಬಟನ್ ಆಗಿದೆ, ಆಲ್ಟ್ ಮತ್ತು ಎನ್ ಒತ್ತಿದರೂ ತೆರೆಯುತ್ತದೆ. ‘ಅಡ್ಮಿನಿಸ್ಟ್ರೇಟಿವ್ ಪ್ರಿವಿಲೇಜಸ್’ ಎಂಬ ಟಿಕ್ ಹಾಕಲು ಮರೆತರೆ ಮುಂದೆ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಉಗ್ರಾಣ), ಸರ್ವೀಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಮುಟ್ಟುವಾಗ ಅನುಮತಿ ಇಲ್ಲ ಎಂದು ತಡೆಯುತ್ತದೆ. ಆದರೆ ಎಕ್ಸ್‌ಪ್ಲೋರರ್ ಎಬ್ಬಿಸುವಾಗ ಆ ಟಿಕ್ ಬೇಡ.

‘ಡೀಟೇಲ್ಸ್’ ವಿಭಾಗಕ್ಕೆ ಹೋಗಿ ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ ಇದೆಯೇ ಎಂದು ನೋಡಿ. ಇಲ್ಲಿ ದಾರಿ ಮೂರಾಗಿ ಒಡೆಯುತ್ತದೆ.

ಹೆಸರೇ ಇಲ್ಲದಿದ್ದರೆ, ‘ರನ್ ನ್ಯೂ ಟಾಸ್ಕ್’ನಲ್ಲಿ ಎಕ್ಸ್‌ಪ್ಲೋರರ್ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಡೆಸ್ಕ್‌ಟಾಪ್ ಪೂರ್ತಿ ಬಂದರೆ ಯೂಸರ್‌ಇನಿಟ್ ಕೊಂಡಿಯನ್ನು ಅನುಮಾನಿಸಿ. ಡೆಸ್ಕ್‌ಟಾಪ್ ಬರದೆ, ಕಪ್ಪು ಹಿನ್ನೆಲೆಯ ಮೇಲೆ ಒಂದು ಫೋಲ್ಡರ್ ಕಿಟಕಿ ಮಾತ್ರ ತೆರೆದುಕೊಂಡರೆ ಅದಕ್ಕಿಂತ ಸ್ಪಷ್ಟವಾದ ಸುಳಿವು ಇನ್ನೊಂದಿಲ್ಲ. ಎಕ್ಸ್‌ಪ್ಲೋರರ್ ಎದ್ದ ಕೂಡಲೇ ‘ಈ ಯಂತ್ರಕ್ಕೆ ನಾನೇ ಶೆಲ್ಲೋ ಅಲ್ಲವೋ’, ಅಂದರೆ ಡೆಸ್ಕ್‌ಟಾಪ್ ಹರಡುವ ಹೊಣೆ ತನ್ನದೇ ಎಂದು ರಿಜಿಸ್ಟ್ರಿಯಲ್ಲಿ ನೋಡಿಕೊಳ್ಳುತ್ತದೆ. ಅಲ್ಲಿ ಬೇರೆಯವರ ಹೆಸರಿದ್ದರೆ ತಾನು ಬರೀ ಫೋಲ್ಡರ್ ತೋರಿಸುವ ಕೆಲಸಕ್ಕೆ ನಿಲ್ಲುತ್ತದೆ. ಹಾಗಾದರೆ ‘ರನ್ ನ್ಯೂ ಟಾಸ್ಕ್’ನಿಂದ ರಿಜಿಸ್ಟ್ರಿ ತಿದ್ದುವ ರೆಜೆಡಿಟ್ (regedit) ತೆರೆದು ಎಚ್‌ಕೆಇವೈ ಲೋಕಲ್ ಮಷಿನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್, ವಿನ್‌ಲಾಗಾನ್ ಎಂಬ ಹಾದಿಯಲ್ಲಿ ಇಳಿಯಿರಿ. ಬಲಗಡೆ ‘ಶೆಲ್’ ಎಂಬಲ್ಲಿ ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ ಎಂದಷ್ಟೇ ಇರಬೇಕು. ಅದರ ಮುಂದೆ ಅಲ್ಪವಿರಾಮ ಹಾಕಿ ಇನ್ನೊಂದು ಫೈಲಿನ ಹೆಸರಿದ್ದರೆ ಅದು ಅತಿಕ್ರಮಣ. ‘ಯೂಸರ್‌ಇನಿಟ್’ ಎಂಬಲ್ಲಿ ಸಿ ಡ್ರೈವ್, ವಿಂಡೋಸ್, ಸಿಸ್ಟಮ್32 ಫೋಲ್ಡರಿನ ಯೂಸರ್‌ಇನಿಟ್ ಡಾಟ್ ಇಎಕ್ಸ್‌ಇ ಪೂರ್ತಿ ವಿಳಾಸ ಮತ್ತು ಕೊನೆಗೆ ಒಂದು ಅಲ್ಪವಿರಾಮ ಇರುತ್ತದೆ. ಅಚ್ಚಿನ ತಪ್ಪೆಂದುಕೊಂಡು ಅದನ್ನು ಅಳಿಸಬೇಡಿ, ಅದು ಅಲ್ಲಿರಬೇಕಾದದ್ದೇ.

ಇದೇ ಹಾದಿ ಎಚ್‌ಕೆಇವೈ ಕರೆಂಟ್ ಯೂಸರ್ ಕೆಳಗೂ ಇದೆ. ಅಲ್ಲಿ ‘ಶೆಲ್’ ಎಂಬ ನಮೂದು ಸಾಮಾನ್ಯವಾಗಿ ಇರುವುದೇ ಇಲ್ಲ. ಇದ್ದರೆ, ಆ ಖಾತೆಯ ಮಟ್ಟಿಗೆ ಅದರದೇ ಮಾತು ನಡೆಯುತ್ತದೆ. ಒಂದೇ ಯಂತ್ರದಲ್ಲಿ ಒಬ್ಬರ ಖಾತೆ ಕಪ್ಪು, ಇನ್ನೊಬ್ಬರದು ಸರಿ ಎನ್ನುವ ಪ್ರಕರಣಗಳಲ್ಲಿ ಮೊದಲು ಇಣುಕಬೇಕಾದ ಮೂಲೆ ಇದು. ಹಾಗೆಯೇ ಲೋಕಲ್ ಮಷಿನ್ ಹಾದಿಯ ಕರೆಂಟ್‌ವರ್ಷನ್ ಕೆಳಗೇ ‘ಇಮೇಜ್ ಫೈಲ್ ಎಕ್ಸಿಕ್ಯೂಷನ್ ಆಪ್ಷನ್ಸ್’ ಎಂಬ ಉದ್ದ ಹೆಸರಿನ ಗೂಡಿದೆ. ಅದರೊಳಗೆ ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ ಹೆಸರಿನ ಕೀ ಇದ್ದು, ಒಳಗೆ ‘ಡೀಬಗ್ಗರ್’ ಎಂಬ ನಮೂದಿದ್ದರೆ ಎಕ್ಸ್‌ಪ್ಲೋರರ್ ಎಬ್ಬಿಸಿದಾಗಲೆಲ್ಲ ಆ ಇನ್ನೊಂದು ಪ್ರೋಗ್ರಾಮೇ ಏಳುತ್ತದೆ. ‘ಡೀಬಗ್ಗರ್’ ನಮೂದನ್ನು ಅಳಿಸಿದರೆ ಸಾಕು.

ಈ ನಮೂದುಗಳು ಯಾಕೆ ಕೆಡುತ್ತವೆ? ಹೆಚ್ಚಾಗಿ ಮಾಲ್‌ವೇರ್ ತನ್ನ ಹೆಸರನ್ನು ಅಲ್ಲಿ ತೂರಿಸಿರುತ್ತದೆ. ಆಮೇಲೆ ಆಂಟಿವೈರಸ್ ಬಂದು ಮಾಲ್‌ವೇರ್ ಫೈಲನ್ನು ಅಳಿಸುತ್ತದೆ, ರಿಜಿಸ್ಟ್ರಿಯ ಸಾಲನ್ನು ಹಾಗೇ ಬಿಡುತ್ತದೆ. ಕಳ್ಳ ಹೋದ, ಬಾಗಿಲಿಗೆ ಅವನು ಹಾಕಿದ ಬೀಗ ಉಳಿಯಿತು. 2009ರ ನವೆಂಬರ್‌ನಲ್ಲಿ ಇಂಥ ಕಪ್ಪು ಪರದೆಗಳಿಗೆ ಮೈಕ್ರೋಸಾಫ್ಟ್‌ನ ಅಪ್‌ಡೇಟ್‌ಗಳೇ ಕಾರಣ ಎಂದು ಒಂದು ಭದ್ರತಾ ಕಂಪನಿ ಸಾರಿ, ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ ಮಾತು ಹಿಂದೆಗೆದುಕೊಂಡಿತ್ತು. ಆ ಗಲಾಟೆಯೂ ಸುತ್ತಿದ್ದು ಇದೇ ‘ಶೆಲ್’ ನಮೂದಿನ ಸುತ್ತ.

ಎರಡನೆಯ ದಾರಿ: ಎಕ್ಸ್‌ಪ್ಲೋರರ್ ಪಟ್ಟಿಯಲ್ಲಿ ಬರುತ್ತದೆ, ಎರಡು ಸೆಕೆಂಡಿಗೆ ಮಾಯವಾಗುತ್ತದೆ, ಮತ್ತೆ ಬರುತ್ತದೆ. ಪರದೆ ಕಪ್ಪಿನಿಂದ ಒಮ್ಮೆ ಮಿಂಚಿ ಮತ್ತೆ ಕಪ್ಪಾಗುತ್ತದೆ. ಇದು ಬೇರೆ ಯಾವುದೋ ಪ್ರೋಗ್ರಾಮ್ ಎಕ್ಸ್‌ಪ್ಲೋರರ್ ಒಳಗೆ ತೂರಿಸಿದ ಶೆಲ್ ಎಕ್ಸ್‌ಟೆನ್ಶನ್ ಅದನ್ನು ಕೆಡವುತ್ತಿರುವ ಲಕ್ಷಣ. ರೈಟ್ ಕ್ಲಿಕ್ ಮೆನುವಿನಲ್ಲಿ ಹೊಸ ಸಾಲು ಸೇರಿಸುವ ಜಿಪ್ ಪ್ರೋಗ್ರಾಮ್‌ಗಳು, ಐಕಾನ್ ಮೇಲೆ ಹಸಿರು ಟಿಕ್ ಹಾಕುವ ಕ್ಲೌಡ್ ಸಿಂಕ್ ಪ್ರೋಗ್ರಾಮ್‌ಗಳು, ಟಾಸ್ಕ್‌ಬಾರ್‌ನ ರೂಪ ಬದಲಿಸುವ ಅಲಂಕಾರದ ಸಾಫ್ಟ್‌ವೇರ್‌ಗಳು ಎಲ್ಲವೂ ಹೀಗೆ ಒಳಗೆ ಕೂರುತ್ತವೆ. ಟಾಸ್ಕ್‌ಬಾರ್ ಬದಲಿಸುವವಂತೂ ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ಕೈಕೊಡುವುದರಲ್ಲಿ ಎತ್ತಿದ ಕೈ. ಅಪರಾಧಿಯ ಹೆಸರನ್ನು ಊಹಿಸಬೇಕಾಗಿಲ್ಲ. ‘ರನ್ ನ್ಯೂ ಟಾಸ್ಕ್’ನಿಂದ ಇವೆಂಟ್‌ವಿಡಬ್ಲ್ಯೂಆರ್ (eventvwr) ಅಂದರೆ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ‘ಅಪ್ಲಿಕೇಶನ್’ ಪಟ್ಟಿಯಲ್ಲಿ 1000 ಸಂಖ್ಯೆಯ ಕೆಂಪು ನಮೂದು ಹುಡುಕಿ. ಅದರಲ್ಲಿ ‘ಫಾಲ್ಟಿಂಗ್ ಅಪ್ಲಿಕೇಶನ್’ ಎಂಬಲ್ಲಿ ಎಕ್ಸ್‌ಪ್ಲೋರರ್ ಇರುತ್ತದೆ; ಅದರ ಕೆಳಗಿನ ‘ಫಾಲ್ಟಿಂಗ್ ಮಾಡ್ಯೂಲ್’ ಎಂಬ ಸಾಲೇ ನಮಗೆ ಬೇಕಾದದ್ದು. ಅಲ್ಲಿ ಹೊರಗಿನ ಕಂಪನಿಯ ಡಿಎಲ್‌ಎಲ್ (ಪ್ರೋಗ್ರಾಮ್‌ಗಳು ಎರವಲು ಪಡೆಯುವ ಕೋಡ್ ಫೈಲು) ಹೆಸರಿದ್ದರೆ, ಪ್ರೋಗ್ರಾಮ್ ತೆಗೆಯುವ ಪಟ್ಟಿಯಾದ ಆ್ಯಪ್‌ವಿಜ್ ಡಾಟ್ ಸಿಪಿಎಲ್ (appwiz.cpl) ತೆರೆದು ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ಹೆಸರು ವಿಂಡೋಸ್‌ನದ್ದೇ ಡಿಎಲ್‌ಎಲ್ ಆಗಿದ್ದರೆ ಅಷ್ಟಕ್ಕೇ ತೀರ್ಪು ಕೊಡಬಾರದು, ಹೊರಗಿನವನು ತಳ್ಳಿದ್ದಕ್ಕೆ ಒಳಗಿನವನು ಬಿದ್ದಿರಬಹುದು. ಅಲ್ಲಿ ಶೆಲ್‌ಎಕ್ಸ್‌ವ್ಯೂ ಉಪಯೋಗಕ್ಕೆ ಬರುತ್ತದೆ. ನಿರ್‌ಸಾಫ್ಟ್‌ನ ಈ ಪುಟ್ಟ ಉಚಿತ ಪ್ರೋಗ್ರಾಮ್‌ಗೆ ಇನ್‌ಸ್ಟಾಲ್ ಬೇಡ. ಮೈಕ್ರೋಸಾಫ್ಟ್‌ನದ್ದಲ್ಲದ ಎಕ್ಸ್‌ಟೆನ್ಶನ್‌ಗಳನ್ನು ಗುಲಾಬಿ ಬಣ್ಣದಲ್ಲಿ ತೋರಿಸುತ್ತದೆ. ಎಲ್ಲ ಗುಲಾಬಿ ಸಾಲುಗಳನ್ನೂ ಒಟ್ಟಿಗೆ ನಿಲ್ಲಿಸಿ, ಎಕ್ಸ್‌ಪ್ಲೋರರ್ ಬೀಳದೆ ಉಳಿಯಿತು ಎಂದಾದರೆ ಅರ್ಧರ್ಧವಾಗಿ ಮತ್ತೆ ಚಾಲೂ ಮಾಡುತ್ತಾ ಹೋಗಿ. ನೂರು ಸಾಲಿದ್ದರೂ ಏಳು ಸುತ್ತಿನಲ್ಲಿ ಕಳ್ಳ ಸಿಗುತ್ತಾನೆ. ನೋಡಲು ಹಳೇ ಕಾಲದ ಕೋಷ್ಟಕದಂತಿದೆ ಎನ್ನುವುದೊಂದು ಬಿಟ್ಟರೆ ಇದರ ಮೇಲೆ ದೂರಿಲ್ಲ.

ಮೂರನೆಯದು ಎಕ್ಸ್‌ಪ್ಲೋರರ್ ಇದೆ, ಅಲುಗಾಡುತ್ತಿಲ್ಲ ಎನ್ನುವ ಸ್ಥಿತಿ. ದೊಡ್ಡ ಅಪ್‌ಡೇಟ್ ಆದ ಮೇಲಿನ ಮೊದಲ ಲಾಗಿನ್ ಆಗಿದ್ದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ ಮೇಲೆಯೇ ನಿಂತಿದ್ದರೆ ಹತ್ತು ಹದಿನೈದು ನಿಮಿಷ ಸುಮ್ಮನಿರಿ. ಸ್ಟೋರ್ ಆ್ಯಪ್‌ಗಳನ್ನು ಖಾತೆಗೆ ಹೊಂದಿಸುವ ‘ಆ್ಯಪ್ ರೆಡಿನೆಸ್’ ಎಂಬ ಸರ್ವೀಸ್ ಆಗ ದುಡಿಯುತ್ತಿರುತ್ತದೆ. ಪ್ರತಿ ಲಾಗಿನ್‌ನಲ್ಲೂ ಹೀಗೇ ಐದಾರು ನಿಮಿಷ ಕಪ್ಪು ಕವಿದು ತಾನೇ ತಿಳಿಯಾಗುತ್ತಿದ್ದರೆ ಈ ಸರ್ವೀಸ್ ಸಿಕ್ಕಿಹಾಕಿಕೊಂಡಿದೆ ಎಂದು ಶಂಕಿಸಬಹುದು. ಸರ್ವೀಸಸ್ ಡಾಟ್ ಎಂಎಸ್‌ಸಿ ತೆರೆದು ಅದನ್ನು ‘ಡಿಸೇಬಲ್ಡ್’ ಮಾಡಿ ಒಮ್ಮೆ ರೀಸ್ಟಾರ್ಟ್ ಮಾಡಿ. ಲಾಗಿನ್ ಸರಾಗವಾದರೆ ಕಾರಣ ಸಿಕ್ಕಿತು. ಆದರೆ ಅದನ್ನು ಹಾಗೇ ಬಿಡಬಾರದು. ಹೊಸ ಖಾತೆ ಸೇರಿಸಿದಾಗ, ಹೊಸ ಆ್ಯಪ್ ಬಂದಾಗ ಅದು ಬೇಕಾಗುತ್ತದೆ. ಬಾಕಿ ಅಪ್‌ಡೇಟ್‌ಗಳೆಲ್ಲ ಮುಗಿದ ಮೇಲೆ ಮತ್ತೆ ‘ಮ್ಯಾನುಯಲ್’ಗೆ ತನ್ನಿ.

ಟಾಸ್ಕ್ ಮ್ಯಾನೇಜರ್‌ಗೆ ಒಂದೇ ಒಂದು ಕೊರತೆ. ಎರಡು ಮಾನಿಟರ್‌ನ ನೆನಪಿರುವ ಯಂತ್ರದಲ್ಲಿ ಅದು ಕಾಣದ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ವಿಂಡೋಸ್, ಶಿಫ್ಟ್ ಹಿಡಿದು ಎಡ ಅಥವಾ ಬಲ ಬಾಣ ಒತ್ತಿದರೆ ಇತ್ತ ಬರುತ್ತದೆ.

ಸೇಫ್ ಮೋಡ್: ಮದ್ದಲ್ಲ, ಪರೀಕ್ಷೆ

ಲಾಗಿನ್ ಪರದೆಯ ಬಲ ಕೆಳಮೂಲೆಯಲ್ಲಿ ಪವರ್ ಬಟನ್ ಇದೆಯಲ್ಲ, ಶಿಫ್ಟ್ ಹಿಡಿದುಕೊಂಡೇ ಅದರೊಳಗಿನ ‘ರೀಸ್ಟಾರ್ಟ್’ ಒತ್ತಬೇಕು. ನೀಲಿ ಪಟ್ಟಿ (ಇದೇ ರಿಕವರಿ ಪರದೆ) ಬಂದಾಗ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಆಮೇಲೆ ಬರುವ ಅಂಕಿಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ನೆಟ್‌ವರ್ಕ್ ಸಹಿತ ಸೇಫ್ ಮೋಡ್. 3 ಎನ್ನುವುದು ಕಡಿಮೆ ರೆಸಲ್ಯೂಶನ್‌ನಲ್ಲಿ ಮಾಮೂಲಿ ವಿಂಡೋಸ್. ಮಾನಿಟರ್‌ಗೆ ಎಟುಕದ ರೆಸಲ್ಯೂಶನ್ ಅಥವಾ ರಿಫ್ರೆಶ್ ದರ ಇಟ್ಟುಕೊಂಡು ‘ಔಟ್ ಆಫ್ ರೇಂಜ್’ ಎನಿಸಿಕೊಂಡವರಿಗೆ ಇದೊಂದೇ ಸಾಕು.

ಎರಡು ಮುಳ್ಳುಗಳಿವೆ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇರುವ ಯಂತ್ರ ಈ ದಾರಿಯಲ್ಲಿ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಹೊಂದಿಸಿದ ಯಂತ್ರವಾದರೆ ಅದು ಸಾಮಾನ್ಯವಾಗಿ ಆ ಖಾತೆಯ ಪುಟದಲ್ಲಿ ಉಳಿದಿರುತ್ತದೆ, ಇನ್ನೊಂದು ಮೊಬೈಲ್‌ನಿಂದ ನೋಡಿ ಬರೆದುಕೊಂಡೇ ಇತ್ತ ಬನ್ನಿ. ಎರಡನೆಯದು, ದಿನವೂ ಬಳಸುವ ಪಿನ್ ಸೇಫ್ ಮೋಡ್‌ನಲ್ಲಿ ಕೈಕೊಡಬಹುದು. ಪೂರ್ತಿ ಪಾಸ್‌ವರ್ಡ್ ನೆನಪಿರಲಿ.

ಸೇಫ್ ಮೋಡ್‌ನ ಬೆಲೆ ಇರುವುದು ಅದು ಕೊಡುವ ಉತ್ತರದಲ್ಲಿ. ಅಲ್ಲಿ ಕಾರ್ಡ್ ಕಂಪನಿಯ ಡ್ರೈವರ್ ಬದಲು ಮೈಕ್ರೋಸಾಫ್ಟ್‌ನ ಬೇಸಿಕ್ ಡಿಸ್‌ಪ್ಲೇ ಡ್ರೈವರ್ ಓಡುತ್ತದೆ, ಹೊರಗಿನ ಸರ್ವೀಸ್‌ಗಳೂ ಸ್ಟಾರ್ಟಪ್ ಪ್ರೋಗ್ರಾಮ್‌ಗಳೂ ಏಳುವುದಿಲ್ಲ. ಆದ್ದರಿಂದ ಸೇಫ್ ಮೋಡ್‌ನಲ್ಲಿ ಡೆಸ್ಕ್‌ಟಾಪ್ ಬಂದರೆ ತಪ್ಪಿತಸ್ಥರು ಡ್ರೈವರ್, ಸರ್ವೀಸ್, ಸ್ಟಾರ್ಟಪ್ ಈ ಮೂವರಲ್ಲಿ ಒಬ್ಬರು. ಸೇಫ್ ಮೋಡ್‌ನಲ್ಲೂ ಕಪ್ಪಾದರೆ ಅನೇಕರು ‘ಹಾರ್ಡ್‌ವೇರ್ ಹೋಗಿದೆ’ ಎಂದು ತೀರ್ಮಾನಿಸುತ್ತಾರೆ. ಅದು ತಪ್ಪು. ವಿನ್‌ಲಾಗಾನ್‌ನ ‘ಶೆಲ್’ ನಮೂದು ಸೇಫ್ ಮೋಡ್‌ಗೂ ಅದೇ, ಶೆಲ್ ಎಕ್ಸ್‌ಟೆನ್ಶನ್‌ಗಳು ಎಕ್ಸ್‌ಪ್ಲೋರರ್ ಜೊತೆ ಅಲ್ಲಿಗೂ ಬರುತ್ತವೆ, ಕೆಟ್ಟ ಪ್ರೊಫೈಲ್ (ಖಾತೆಯ ಸೆಟ್ಟಿಂಗ್, ಫೈಲುಗಳ ಗಂಟು) ಅಲ್ಲೂ ಕೆಟ್ಟದ್ದೇ. ಅಂದರೆ ಮತ್ತೆ ಟಾಸ್ಕ್ ಮ್ಯಾನೇಜರ್ ಭಾಗಕ್ಕೇ ಹಿಂತಿರುಗಬೇಕು.

ಸೇಫ್ ಮೋಡ್‌ಗೆ ಹೋಗಲು ಬೂಟ್ ಸೆಟ್ಟಿಂಗ್ ಬದಲಿಸುವ ಎಂಎಸ್‌ಕಾನ್ಫಿಗ್‌ನ ‘ಬೂಟ್’ ವಿಭಾಗದಲ್ಲಿ ಟಿಕ್ ಹಾಕುವ ಅಭ್ಯಾಸ ಕೆಲವರಿಗಿದೆ. ಆ ಟಿಕ್ ತೆಗೆಯುವ ತನಕ ಯಂತ್ರ ಪ್ರತಿ ಸಲವೂ ಸೇಫ್ ಮೋಡ್‌ಗೇ ಬರುತ್ತದೆ. ಪಾಸ್‌ವರ್ಡ್ ಮರೆತು ಪಿನ್ ಒಂದನ್ನೇ ನಂಬಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಶಿಫ್ಟ್ ಹಿಡಿದು ರೀಸ್ಟಾರ್ಟ್ ಮಾಡುವುದು ಒಂದು ಸಲಕ್ಕೆ ಮಾತ್ರ ಅನ್ವಯ, ಅದೇ ಕ್ಷೇಮ.

ಡ್ರೈವರ್ ಮತ್ತು ಡಿಡಿಯು

ಅನುಮಾನ ಡ್ರೈವರ್ ಮೇಲೆ ಬಂದರೆ ಸೇಫ್ ಮೋಡ್‌ನಲ್ಲೇ ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗಿನ ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಎರಡು ನಿಮಿಷದ ಕೆಲಸ. ಹಳೆಯ ಡ್ರೈವರ್ ಉಳಿದಿಲ್ಲವಾದರೆ ಬಟನ್ ಮಸುಕಾಗಿರುತ್ತದೆ, ಆಗ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ, ಡ್ರೈವರ್ ಸಾಫ್ಟ್‌ವೇರ್ ಅನ್ನೂ ಅಳಿಸುವ ಟಿಕ್ ಹಾಕಿ ರೀಸ್ಟಾರ್ಟ್ ಮಾಡಬೇಕು.

ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಅಂದರೆ ಡಿಡಿಯು, ಇದಕ್ಕಿಂತ ಆಳಕ್ಕೆ ಹೋಗಿ ಎನ್‌ವಿಡಿಯಾ, ಎಎಂಡಿ, ಇಂಟೆಲ್ ಡ್ರೈವರ್‌ಗಳ ಫೈಲು, ರಿಜಿಸ್ಟ್ರಿ, ಸರ್ವೀಸ್ ಎಲ್ಲವನ್ನೂ ಗುಡಿಸುತ್ತದೆ. ಒಂದು ಕಂಪನಿಯ ಕಾರ್ಡ್ ತೆಗೆದು ಇನ್ನೊಂದು ಕಂಪನಿಯದ್ದು ಹಾಕಿದ ಮೇಲೆ ಬಂದ ಕಪ್ಪು ಪರದೆಗೆ ಇದರಷ್ಟು ಒಳ್ಳೆಯ ಪೊರಕೆ ಇಲ್ಲ. ಆದರೆ ಬಳಸುವ ಕ್ರಮ ತಪ್ಪಿದರೆ ಇದ್ದದ್ದೂ ಹೋಗುತ್ತದೆ. ಹೊಸ ಡ್ರೈವರ್‌ನ ಪೂರ್ತಿ ಇನ್‌ಸ್ಟಾಲರ್ ಅನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆರಿಸಿ. ಇಲ್ಲದಿದ್ದರೆ ನೀವು ಗುಡಿಸಿ ಮುಗಿಸುವಷ್ಟರಲ್ಲಿ ವಿಂಡೋಸ್ ಅಪ್‌ಡೇಟ್ ತನ್ನ ಬಳಿಯ ಡ್ರೈವರ್ ತಂದು ಹಾಕಿರುತ್ತದೆ, ಅದೇ ಕೆಟ್ಟ ಆವೃತ್ತಿಯಾಗಿದ್ದರೆ ತಿರುಗಿ ಮೊದಲಿನ ಗತಿ. ಸೇಫ್ ಮೋಡ್‌ನಲ್ಲಿ ಡಿಡಿಯು ತೆರೆದು, ಜಿಪಿಯು (ಗ್ರಾಫಿಕ್ಸ್ ಚಿಪ್) ಕಂಪನಿ ಆರಿಸಿ, ‘ಕ್ಲೀನ್ ಆ್ಯಂಡ್ ರೀಸ್ಟಾರ್ಟ್’ ಕೊಡಿ. ನೆಟ್ ಇಲ್ಲದೆಯೇ ಹೊಸ ಡ್ರೈವರ್ ಹಾಕಿ, ಆಮೇಲೆ ಕೇಬಲ್ ಸಿಕ್ಕಿಸಿ. ಎರಡು ಜಿಪಿಯು ಇರುವ ಲ್ಯಾಪ್‌ಟಾಪ್‌ಗಳಿಗೆ ಚಿಪ್ ಕಂಪನಿಯ ಹೊಚ್ಚ ಹೊಸ ಡ್ರೈವರ್‌ಗಿಂತ ಲ್ಯಾಪ್‌ಟಾಪ್ ಕಂಪನಿಯ ಪುಟದಲ್ಲಿರುವ ಹಳೆಯದು ವಾಸಿ. ಡಿಡಿಯು ಬಲ್ಲವರ ಸಲಕರಣೆ, ಮೊದಲ ಹೆಜ್ಜೆಯಲ್ಲ. ರೋಲ್ ಬ್ಯಾಕ್‌ನಿಂದ ಆಗುವುದಕ್ಕೆ ಇದನ್ನು ಎಳೆದು ತರಬೇಕಾಗಿಲ್ಲ.

‘ಫಾಸ್ಟ್ ಸ್ಟಾರ್ಟಪ್’ ಇರುವ ಯಂತ್ರದಲ್ಲಿ ಶಟ್ ಡೌನ್ ಎಂದರೆ ಪೂರ್ತಿ ಶಟ್ ಡೌನ್ ಅಲ್ಲ, ವಿಂಡೋಸ್‌ನ ತಿರುಳಾದ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಸಂಜೆ ಆರಿಸಿ ಬೆಳಗ್ಗೆ ಹಾಕಿದಾಗ ಮಾತ್ರ ಕಪ್ಪು, ರೀಸ್ಟಾರ್ಟ್ ಮಾಡಿದರೆ ಸರಿ ಎನ್ನುವವರು ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಹೊಡೆದು ನೋಡಬಹುದು. ಹೈಬರ್ನೇಟ್ ಸೌಲಭ್ಯವೂ ಅದರ ಜೊತೆ ಹೋಗುತ್ತದೆ.

ಆಟೋರನ್ಸ್

1996ರಲ್ಲಿ ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಆರಂಭಿಸಿದ, 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಸಿಸ್‌ಇಂಟರ್ನಲ್ಸ್‌ನ ಉಚಿತ ಪ್ರೋಗ್ರಾಮ್ ಇದು. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ ಹತ್ತು ಹೆಸರು ತೋರಿಸುವ ಕಡೆ ಇದು ನೂರಾರು ತೋರಿಸುತ್ತದೆ. ಅದೇ ಇದರ ಬಲ, ಹೊಸಬರಿಗೆ ಅದೇ ಗಾಬರಿ. ಅಡ್ಮಿನ್ ಆಗಿ ತೆರೆದ ಕೂಡಲೇ ‘ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್’ ಆರಿಸಿದರೆ ಕಾಡು ತೋಟವಾಗುತ್ತದೆ. ಹಳದಿ ಸಾಲು ಎಂದರೆ ನಮೂದಿದೆ, ಫೈಲಿಲ್ಲ. ಮೇಲೆ ಹೇಳಿದ ಬೀಗದ ಕಥೆ ಇಲ್ಲಿ ಕಣ್ಣಿಗೇ ಕಾಣುತ್ತದೆ. ‘ಲಾಗಾನ್’, ‘ವಿನ್‌ಲಾಗಾನ್’, ‘ಇಮೇಜ್ ಹೈಜ್ಯಾಕ್ಸ್’ ಮೂರು ವಿಭಾಗ ನೋಡಿದರೆ ಈ ರೋಗದ ಮಟ್ಟಿಗೆ ಬಹುಪಾಲು ಮುಗಿಯಿತು. ಟಿಕ್ ತೆಗೆದರೆ ನಮೂದು ನಿಲ್ಲುತ್ತದೆ, ಅಳಿಯುವುದಿಲ್ಲ. ತಪ್ಪಾದರೆ ಮತ್ತೆ ಟಿಕ್ ಹಾಕಬಹುದು. ಡಿಲೀಟ್ ಕೊಟ್ಟರೆ ಆ ಅವಕಾಶ ಇಲ್ಲ, ಆದ್ದರಿಂದ ಮೊದಲು ಟಿಕ್ ತೆಗೆದು ಒಂದೆರಡು ದಿನ ನೋಡಿ. ಡಿಸ್ಕ್ ಕಿತ್ತು ಇನ್ನೊಂದು ಯಂತ್ರಕ್ಕೆ ಜೋಡಿಸಿಯೂ ‘ಅನಲೈಸ್ ಆಫ್‌ಲೈನ್ ಸಿಸ್ಟಮ್’ ಮೂಲಕ ಇದನ್ನೇ ಮಾಡಬಹುದು. ಟಾಸ್ಕ್ ಮ್ಯಾನೇಜರ್ ನಂತರದ ಸ್ಥಾನ ಇದಕ್ಕೇ ಸಲ್ಲಬೇಕು.

ರಿಕವರಿ ಪರದೆಯ ಉಳಿದವರು

ಸ್ಟಾರ್ಟಪ್ ರಿಪೇರ್ ಹೆಸರು ಕೇಳಿ ಮೋಸ ಹೋಗುವವರು ಬಹಳ. ಅದರ ಕೆಲಸ ವಿಂಡೋಸ್ ಬೂಟ್ ಆಗುವಂತೆ ಮಾಡುವುದು. ನಿಮ್ಮದು ಬೂಟ್ ಆಗಿ, ಲಾಗಿನ್ ಆಗಿ, ಆಮೇಲೆ ಕಪ್ಪಾಗಿದೆ. ಅರ್ಧ ಗಂಟೆ ‘ಡಯಾಗ್ನೋಸಿಂಗ್’ ಎಂದು ಸುತ್ತಿ, ರಿಪೇರಿ ಆಗಲಿಲ್ಲ ಎಂದು ಲಾಗ್ ಫೈಲಿನ ವಿಳಾಸ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಇದನ್ನು ಬಿಟ್ಟುಬಿಡಿ.

ಸಿಸ್ಟಮ್ ರಿಸ್ಟೋರ್ ಇದ್ದರೆ ಅದೃಷ್ಟ. ಡ್ರೈವರ್, ರಿಜಿಸ್ಟ್ರಿ, ಪ್ರೋಗ್ರಾಮ್‌ಗಳನ್ನು ಹಳೆಯ ದಿನಕ್ಕೆ ಒಯ್ಯುತ್ತದೆ, ನಿಮ್ಮ ದಾಖಲೆ, ಫೋಟೋ ಮುಟ್ಟುವುದಿಲ್ಲ. ‘ಶೆಲ್’ ನಮೂದು ಕೆಟ್ಟಿದ್ದಕ್ಕೂ, ಡ್ರೈವರ್ ಕೆಟ್ಟಿದ್ದಕ್ಕೂ ಒಂದೇ ಏಟು. ತೊಂದರೆ ಏನೆಂದರೆ ಬಹಳಷ್ಟು ಯಂತ್ರಗಳಲ್ಲಿ ಸಿಸ್ಟಮ್ ಪ್ರೊಟೆಕ್ಷನ್ ಆಫ್ ಆಗಿಯೇ ಇರುತ್ತದೆ, ಬೇಕಾದ ದಿನ ಪಟ್ಟಿ ಖಾಲಿ. ವಿಂಡೋಸ್ 11ರ 24ಎಚ್2ನಲ್ಲಿ 2025ರ ಜೂನ್ ಅಪ್‌ಡೇಟ್ ನಂತರ ರಿಸ್ಟೋರ್ ಪಾಯಿಂಟ್‌ಗಳು ಹೆಚ್ಚೆಂದರೆ 60 ದಿನ ಉಳಿಯುತ್ತವೆ.

ತೊಂದರೆ ಶುರುವಾದದ್ದೇ ಅಪ್‌ಡೇಟ್ ಆದ ದಿನವಾದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ನೇರ ದಾರಿ. ತಿಂಗಳ ಅಪ್‌ಡೇಟ್‌ಗೆ ‘ಕ್ವಾಲಿಟಿ’, ಆವೃತ್ತಿಯೇ ಬದಲಾಗಿದ್ದರೆ ‘ಫೀಚರ್’. ಫೀಚರ್ ಅಪ್‌ಡೇಟ್ ಹಿಂದೆಗೆಯಲು ಸಾಮಾನ್ಯವಾಗಿ 10 ದಿನವಷ್ಟೇ ಗಡುವು. ರಿಕವರಿ ಪರದೆಯೇ ಕೈಕೊಟ್ಟ ಉದಾಹರಣೆಯೂ ಇದೆ: 2025ರ ಅಕ್ಟೋಬರ್ ಅಪ್‌ಡೇಟ್ ಆದ ಮೇಲೆ ವಿಂಡೋಸ್ 11ರ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಸತ್ತವು. ವಾರದೊಳಗೆ ತುರ್ತು ಅಪ್‌ಡೇಟ್ ಬಂತು. ಇಂಥ ದಿನಕ್ಕೆಂದು 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ಇನ್‌ಸ್ಟಾಲ್ ಮೀಡಿಯಾ ಇಟ್ಟುಕೊಂಡವರು ಅದರಿಂದ ಬೂಟ್ ಮಾಡಿ ಅದೇ ರಿಪೇರಿ ಪಟ್ಟಿಗೆ ಹೋಗಬಹುದು.

ಎಸ್‌ಎಫ್‌ಸಿ, ಅಂದರೆ ಸಿಸ್ಟಮ್ ಫೈಲ್ ಚೆಕರ್, ಎಲ್ಲರೂ ಮೊದಲು ಹೇಳುವ ಸಲಹೆ, ಕೊನೆಗೆ ಮಾಡಬೇಕಾದ್ದು. ಅದು ನೋಡುವುದು ವಿಂಡೋಸ್‌ನ ಸ್ವಂತ ಫೈಲುಗಳನ್ನು ಮಾತ್ರ. ರಿಜಿಸ್ಟ್ರಿಯ ‘ಶೆಲ್’ ನಮೂದನ್ನೂ, ಹೊರಗಿನವರ ಡ್ರೈವರ್ ಅನ್ನೂ ಅದು ಕಣ್ಣೆತ್ತಿ ನೋಡುವುದಿಲ್ಲ. ಮಾಡುವುದಾದರೆ ಕ್ರಮವಾಗಿ ಮಾಡಿ: ಮೊದಲು ‘ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್’, ಅದು ಮುಗಿದ ಮೇಲೆ ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’. ಡಿಐಎಸ್‌ಎಂ ಎನ್ನುವುದು ಉಗ್ರಾಣ ಸರಿಮಾಡುತ್ತದೆ, ಎಸ್‌ಎಫ್‌ಸಿ ಆ ಉಗ್ರಾಣದಿಂದ ತಂದು ಬದಲಿಸುತ್ತದೆ. ಉಗ್ರಾಣವೇ ಕೊಳೆತಿದ್ದರೆ ತಂದದ್ದೂ ಕೊಳೆತದ್ದೇ.

ಹೊಸ ಖಾತೆಯ ಪರೀಕ್ಷೆ ಇದಕ್ಕಿಂತ ಎಷ್ಟೋ ಬೇಗ ಉತ್ತರ ಕೊಡುತ್ತದೆ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಯೂಸರ್’, ಖಾತೆಯ ಹೆಸರು, ಪಾಸ್‌ವರ್ಡ್, ಕೊನೆಗೆ ‘/ಆ್ಯಡ್’ ಹೊಡೆದು, ಸೈನ್ ಔಟ್ ಆಗಿ ಅದರಲ್ಲಿ ಲಾಗಿನ್ ಆಗಿ. ಅಲ್ಲಿ ಡೆಸ್ಕ್‌ಟಾಪ್ ಬಂದರೆ ವಿಂಡೋಸ್ ಆರೋಗ್ಯವಾಗಿದೆ, ನಿಮ್ಮ ಹಳೆಯ ಪ್ರೊಫೈಲ್ ಕೆಟ್ಟಿದೆ. ಹೊಸ ಖಾತೆಯನ್ನು ಅಡ್ಮಿನ್ ಗುಂಪಿಗೆ ಸೇರಿಸಿ, ಹಳೆಯದರ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಫೋಲ್ಡರ್‌ಗಳನ್ನು ನಕಲಿಸಿಕೊಳ್ಳಿ. ಪ್ರೋಗ್ರಾಮ್‌ಗಳ ಸೆಟ್ಟಿಂಗ್ ಇರುವ ಆ್ಯಪ್‌ಡೇಟಾ ಫೋಲ್ಡರನ್ನು ಇಡಿಯಾಗಿ ಎತ್ತಿಕೊಂಡು ಬಂದರೆ ರೋಗವೂ ಜೊತೆಗೇ ಬರುತ್ತದೆ.

ಇಷ್ಟರಲ್ಲಿ ಯಾವುದೂ ನಾಟದಿದ್ದರೆ, ರಿಸೆಟ್‌ಗಿಂತ ಮೊದಲು ಇರುವ ವಿಂಡೋಸ್ ಮೇಲೆಯೇ ಮತ್ತೊಮ್ಮೆ ವಿಂಡೋಸ್ ಹಾಕುವುದು ಲೇಸು. ಪೆನ್‌ಡ್ರೈವ್ ಸಿಕ್ಕಿಸಿ, ಟಾಸ್ಕ್ ಮ್ಯಾನೇಜರ್‌ನಿಂದಲೇ ಅದರೊಳಗಿನ ಸೆಟಪ್ ಓಡಿಸಿ, ಫೈಲು ಮತ್ತು ಆ್ಯಪ್ ಎರಡನ್ನೂ ಉಳಿಸುವ ಆಯ್ಕೆ ಕೊಡಿ. ಸೇಫ್ ಮೋಡ್‌ನಲ್ಲಿ ಇದು ನಡೆಯುವುದಿಲ್ಲ, ಮಾಮೂಲಿ ಕಪ್ಪು ಪರದೆಯಲ್ಲೇ ಮಾಡಬೇಕು. ‘ರಿಸೆಟ್ ದಿಸ್ ಪಿಸಿ’ಯಲ್ಲಿ ‘ಕೀಪ್ ಮೈ ಫೈಲ್ಸ್’ ಕೊಟ್ಟರೂ ಇನ್‌ಸ್ಟಾಲ್ ಮಾಡಿದ ಪ್ರೋಗ್ರಾಮ್‌ಗಳೆಲ್ಲ ಹೋಗುತ್ತವೆ. ‘ಕ್ಲೌಡ್ ಡೌನ್‌ಲೋಡ್’ ಆರಿಸಿದರೆ 4 ಜಿಬಿಗೂ ಮಿಕ್ಕಿ ಡೇಟಾ ಎಳೆಯುತ್ತದೆ.

ರಿಸೆಟ್ ಒತ್ತುವ ಮೊದಲು ಫೈಲು ಹೊರತೆಗೆಯಲು ಇನ್ನೊಂದು ಯಂತ್ರ ಬೇಕಿಲ್ಲ. ರಿಕವರಿ ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ. ‘ಫೈಲ್’, ‘ಓಪನ್’ ಒತ್ತಿ, ಕೆಳಗಿನ ಪಟ್ಟಿಯಲ್ಲಿ ‘ಆಲ್ ಫೈಲ್ಸ್’ ಆರಿಸಿದರೆ ಆ ಸಣ್ಣ ಕಿಟಕಿಯೇ ಒಂದು ಫೈಲ್ ಮ್ಯಾನೇಜರ್ ಆಗುತ್ತದೆ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಎಷ್ಟಾಯಿತು ಎಂದು ತೋರಿಸುವ ಪಟ್ಟಿ ಬರುವುದಿಲ್ಲ, ಕಿಟಕಿ ಸ್ತಬ್ಧವಾದಂತೆ ಕಾಣುತ್ತದೆ. ಪೆನ್‌ಡ್ರೈವ್‌ನ ದೀಪ ಮಿನುಗುವುದು ನಿಲ್ಲುವ ತನಕ ಕೀಳಬೇಡಿ. ಅಂದ ಹಾಗೆ ಅಲ್ಲಿ ನಿಮ್ಮ ಸಿ ಡ್ರೈವ್ ಡಿ ಎಂದೋ ಇ ಎಂದೋ ಹೆಸರು ಬದಲಿಸಿಕೊಂಡಿರಬಹುದು, ‘ಯೂಸರ್ಸ್’ ಫೋಲ್ಡರ್ ಎಲ್ಲಿದೆಯೋ ಅದೇ ನಿಮ್ಮ ಸಿ.